ಹಡಗಿನಲ್ಲಿ ಸಿಕ್ಕ ನಮ್ಮ ಕಡೆಯವರು

ಹಾವೇರಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಮದುವೆ ಗೊತ್ತಾಗಿದೆ. ಹನಿಮೂನಿಗೆ ಮುಂಬೈಯಿಂದ ಹಡಗಿನಲ್ಲಿ ಹೋಗುತ್ತಾರಂತೆ. ಮೊನ್ನೆ ಫೋನು ಮಾಡಿ, "ಅಕ್ಕಾ, ನೀ ಹೋಗಿ ಬಂದಾಕಿ. ಹಡಗಿನ್ಯಾಗ ಜನ ಹೆಂಗಿರ್ತಾರ? ಕಾಡ್ತಾರೇನು?" ಎಂದು ಕೇಳಿದಳು. ಎಂಥ ಬಟ್ಟೆ ಒಯ್ಯಬೇಕು, ಊಟ ಹೇಗಿರುತ್ತದೆ ಎಂದು ಕೇಳಿದ್ದರೆ ತಾಸುಗಟ್ಟಲೆ ಹೇಳುತ್ತಿದ್ದೆ. ಜನರ ವಿಷಯ ಎತ್ತಿದ ಕೂಡಲೇ, "ಛಲೋ ಇರ್ತಾರ, ಅಂಜಬ್ಯಾಡ" ಎಂದು ಫೋನು ಇಟ್ಟುಬಿಟ್ಟೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಕೊಟ್ಟದ್ದು ರಾಣೆಬೆನ್ನೂರಿಗೆ. ಮಾವನವರದು ಅಲ್ಲಿ ಪೈಪು, ಮೋಟರಿನ ಅಂಗಡಿ, ನಮ್ಮನೆಯವರೂ ಅದರಲ್ಲೇ ಕೂರುತ್ತಾರೆ. ಮದುವೆಯಾದ ಒಂಬತ್ತನೆಯ ದಿನ ನಾವು ಹಡಗು ಹತ್ತಿದೆವು. ಅದನ್ನು ಬುಕ್ ಮಾಡಿದವರು ಅವರೇ. "ಗೋವಾಕ್ಕ ಹೋದ್ರ ನಮ್ಮ ಓಣಿಯವರೇ ಎದುರಾಗ್ತಾರ. ಹಡಗಿನ್ಯಾಗ ಯಾರ ಸಿಗ್ತಾರ?" ಎಂದಿದ್ದರು. ನಾನು ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಗಳಗನಾಥದಲ್ಲಿ ತುಂಗಭದ್ರೆಗೆ ವರದೆ ಕೂಡುವ ಜಾಗ. ಅಲ್ಲಿ ಆಚೆ ದಂಡೆ ಕಾಣುತ್ತದೆ, ದಂಡೆಯ ಮೇಲಿನ ಎಮ್ಮೆಯೂ ಕಾಣುತ್ತದೆ. ಇಲ್ಲಿ ಯಾವ ಕಡೆ ತಿರುಗಿದರೂ ಏನೂ ಕಾಣುತ್ತಿರಲಿಲ್ಲ.

ಆದರೆ ಅದಕ್ಕೂ ಮೊದಲು, ಬಂದರಿನ ಚೆಕಿಂಗ್ ಸಾಲಿನಲ್ಲಿ ನಿಂತಿದ್ದಾಗಲೇ ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿತ್ತು: "ಶೇಂಗಾ ಚಟ್ನಿ ಡಬ್ಬಿ ಯಾರ ಚೀಲದಾಗ ಐತಿ? ಕಸಗೊಂಡಾರು, ಸೀರಿ ಒಳಗ ತುರುಕ್ರಿ!" ತಿರುಗಿದರೆ ನಲವತ್ತು ಜನ, ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ. ಬೀಜದ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಹೆಂಡಿರ ಸಮೇತ ಪ್ರವಾಸಕ್ಕೆ ಕರೆದುಕೊಂಡು ಬಂದಿತ್ತು. ಮುಕ್ಕಾಲು ಪಾಲು ರಾಣೆಬೆನ್ನೂರಿನವರು.

ನಮ್ಮನೆಯವರ ಮುಖ ಬಿಳುಚಿತು. ನನ್ನ ಕಿವಿಯ ಹತ್ತಿರ ಬಗ್ಗಿ, "ಕನ್ನಡಾ ಮಾತಾಡಬ್ಯಾಡ. ಗುರ್ತ ಹತ್ತಿದ್ರ ಮೂರು ದಿನ ನಮ್ಮನ್ನ ಬಿಡಂಗಿಲ್ಲ ಇವ್ರು" ಎಂದರು. ನನಗೆ ಒಳಗೊಳಗೇ ಖುಷಿ. ಗಂಡ ನನ್ನನ್ನು ಯಾರಿಗೂ ಬಿಟ್ಟುಕೊಡಲು ಒಲ್ಲ ಎಂದರೆ ಯಾವ ಹೊಸ ಹೆಂಡತಿಗೆ ಬೇಡ? ಅವತ್ತಿನಿಂದ ಶುರುವಾಯಿತು ನಮ್ಮ ಕಣ್ಣುಮುಚ್ಚಾಲೆ. ಎದುರಿಗೆ ಅವರು ಬಂದರೆ ಹರಕು ಮುರುಕು ಹಿಂದಿ. ಹಿಂದಿ ಮುಗಿದರೆ ಟೀವಿಯಲ್ಲಿ ಕೇಳಿದ ಬೆಂಗಳೂರು ಕನ್ನಡ, "ಬನ್ನಿ, ಹೋಗೋಣ್ವಾ?" ಎಂಬಂಥದ್ದು. ಅವರು ಲಿಫ್ಟಿಗೆ ನಿಂತರೆ ನಾವು ಮೆಟ್ಟಿಲು ಹತ್ತುತ್ತಿದ್ದೆವು. ಅವರು ಊಟಕ್ಕೆ ಕೂತರೆ ನಾವು ಹಸಿದುಕೊಂಡು ಕಾಯುತ್ತಿದ್ದೆವು. ಅವರಲ್ಲಿ ಒಬ್ಬ ಹಿರಿಯಮ್ಮ ಹಡಗಿನಲ್ಲೂ ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಚಟ್ನಿಯ ದನಿ ಅವರದೇ. ನಮ್ಮನ್ನು ಕಂಡಾಗಲೆಲ್ಲ ನಗುತ್ತಿದ್ದರು. ನಾನು ಮುಖ ತಿರುಗಿಸಿ ಸಮುದ್ರ ನೋಡುತ್ತಿದ್ದೆ.

ಎರಡನೆಯ ದಿನ ಬೆಳಿಗ್ಗೆ ನಮ್ಮನೆಯವರು ಬೇಗ ಎದ್ದು, "ಮ್ಯಾಲ ಹೋಗಿ ಚಾ ಕುಡದು ಬರ್ತೇನಿ, ನೀ ಮಲಕೊ" ಎಂದು ಹೋದರು. ನನಗೆ ಮತ್ತೆ ಎಚ್ಚರವಾದಾಗ ಎಂಟೂವರೆ. ಅವರು ಬಂದಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮುಖ ತೊಳೆದು ಮೇಲೆ ಹೋದೆ. ಚಹಾ ಕೊಡುವ ಕಡೆ ಇಲ್ಲ, ಈಜುಕೊಳದ ಹತ್ತಿರ ಇಲ್ಲ, ಹಿಂದಿನ ದಿನ ಕೂತಿದ್ದ ಬೆಂಚಿನಲ್ಲೂ ಇಲ್ಲ. ಅಂಚಿನ ಕಂಬಿ ನನ್ನ ಎದೆಮಟ್ಟಕ್ಕಿತ್ತು. ಅವರು ನನಗಿಂತ ಎತ್ತರ. ಅವರಿಗೆ ಎಲ್ಲಿಯವರೆಗೆ ಬರುತ್ತದೆ ಈ ಕಂಬಿ ಎಂಬ ಯೋಚನೆ ಬಂತು. ಕೆಳಗೆ ನೋಡಬಾರದು ಎಂದುಕೊಂಡೆ, ನೋಡಿದೆ. ನೀರು ಬಿಳಿ ನೊರೆ ಉಗುಳುತ್ತ ಹಿಂದಕ್ಕೆ ಓಡುತ್ತಿತ್ತು.

ಓಡಿಹೋಗಿ ಕೆಳಗಿನ ಕೌಂಟರಿನ ಹುಡುಗಿಗೆ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಗಂಡನ ಹೆಸರು ಕೇಳಿದಳು. ಬಿ.ಕಾಂ. ಓದಿದವಳು ನಾನು, ಆದರೂ ನಾಲಿಗೆ ಹೊರಳಲಿಲ್ಲ. ಮದುವೆಯಲ್ಲಿ ಹೆಂಗಸರು ಬಿಡದೆ ಒಡಪಿನ ಪದ್ಯ ಕಟ್ಟಿಸಿ ಹೇಳಿಸಿದ್ದು ಬಿಟ್ಟರೆ ಆ ಹೆಸರನ್ನು ನಾನು ಬಾಯಿಂದ ಆಡಿಯೇ ಇರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟೆ. ಯಾವ ಬಣ್ಣದ ಅಂಗಿ? ನಿದ್ದೆಗಣ್ಣಿನಲ್ಲಿ ನೋಡಿರಲಿಲ್ಲ. ಈಜು ಬರುತ್ತದೆಯೇ? ಗೊತ್ತಿಲ್ಲ. ಮನಸ್ಸಿಗೇನಾದರೂ ಬೇಸರವಿತ್ತೇ? ಗೊತ್ತಿಲ್ಲ. ಏನಾದರೂ ಕಾಯಿಲೆ, ಔಷಧ? ಇಲ್ಲ ಎಂದೆ. ಆಮೇಲೆ ಅದೂ ಗೊತ್ತಿಲ್ಲ ಎಂದೆ. ನಾನು ಆ ಮನುಷ್ಯನ ಹೆಂಡತಿಯೇ ಎಂದು ನನಗೇ ಅನುಮಾನ ಬರುವಂತಿತ್ತು. ಅವಳು ಮೈಕಿನಲ್ಲಿ ಹೆಸರು ಕೂಗಿದಳು, ಯಾರೂ ಬರಲಿಲ್ಲ. ಆಮೇಲೆ ಫೋನೆತ್ತಿ ದನಿ ತಗ್ಗಿಸಿ ಯಾರಿಗೋ ಏನೋ ಹೇಳಿದಳು. ಅದರಲ್ಲಿ ಕ್ಯಾಮೆರಾ ಎಂಬ ಮಾತು ಮಾತ್ರ ನನಗೆ ತಿಳಿಯಿತು. ಯಾಕೆ ನೋಡುತ್ತಾರೆ ಎಂಬುದೂ ತಿಳಿಯಿತು.

ಅಲ್ಲಿಂದ ನನ್ನ ಕಾಲು ಎಲ್ಲಿಗೆ ಹೋದವು ಎಂದರೆ ಊಟದ ಹಾಲಿಗೆ, ಟೋಪಿಯವರ ಹತ್ತಿರಕ್ಕೆ. ಕೀಲಿಗೊಂಚಲಿನ ಅಮ್ಮ ಉಪ್ಪಿಟ್ಟಿಗೆ ಚಟ್ನಿ ಕಲಸಿಕೊಳ್ಳುತ್ತಿದ್ದರು. ಹಿಂದಿಯೂ ಇಲ್ಲ, ಬೆಂಗಳೂರೂ ಇಲ್ಲ. "ಯವ್ವಾ, ನಮ್ಮನಿಯವ್ರು ಕಾಣವಲ್ರು! ಮುಂಜಾನಿಂದ ಕಾಣವಲ್ರು!" ಎಂದು ಅತ್ತುಬಿಟ್ಟೆ.

ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಆತ ಪೈಪಿನಂಗಡ್ಯಾರ ಮಗ ಅಂತ ಹತ್ತಿದ ದಿನಾನ ಗೊತ್ತಾತು ನಮಗ. ನೀವು ತಪ್ಪಿಸಿಕೊಂಡು ಅಡ್ಡಾಡಾಕತ್ತಿದ್ರಿ, ಹೊಸಾ ಜೋಡಿ, ನಾವ್ಯಾಕ ನಡುವ ಬರೂಣು ಅಂತ ಸುಮ್ನಿದ್ವಿ" ಎನ್ನುತ್ತಲೇ ಕೈ ತೊಳೆದು ಎದ್ದರು. "ಎಷ್ಟೊತ್ತಾತು ಹೋಗಿ? ಗುಳಗಿ ತಗೊಂಡಿದ್ನೇನು?"

"ಯಾವ ಗುಳಗಿ?"

ಅಮ್ಮ ತಮ್ಮ ಗಂಡನ ಮುಖ ನೋಡಿದರು. ಅವರು ಚಹಾದ ಕಪ್ಪಿನೊಳಗೆ ನೋಡುತ್ತ ಕೂತರು. "ನಿನಗ ಹೇಳಿಲ್ಲೇನವಾ?" ಎಂದು ಅಮ್ಮ ಮೆಲ್ಲಗೆ ಕೇಳಿದರು. "ಆತಗ ಫಿಟ್ಸ್ ಬರ್ತಾವು. ಸಣ್ಣಾಂವ ಇದ್ದಾಗಿಂದ. ಆಗ ನಮ್ಮ ಅಂಗಡಿ ಅವರದಕ್ಕ ಹಚ್ಚೇ ಇತ್ತು. ಎರಡು ಸಲ ನಮ್ಮ ಕಟ್ಟಿ ಮ್ಯಾಲನ ಬಿದ್ದಿದ್ದ."

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಇದೊಂದು ಗೊತ್ತಿರಲಿಲ್ಲ ಎಂದರೆ ಇನ್ನೂ ಏನೇನು ಗೊತ್ತಿಲ್ಲ? ಆದರೆ ನಿಂತು ಯೋಚಿಸಲು ಆ ಹೆಂಗಸು ಬಿಡಲಿಲ್ಲ. "ಕುಂದ್ರಬ್ಯಾಡ, ನಡಿ. ಚಿಲಕ ಹಾಕ್ಕೊಳ್ಳೂ ಜಾಗಾ ಮೊದಲ ನೋಡ್ರೆಪಾ, ಎಲ್ಲಾ ಪಾಯಖಾನಿ ನೋಡ್ರಿ" ಎಂದು ಗಂಡಸರನ್ನು ಅಂತಸ್ತಿಗೆ ಇಬ್ಬಿಬ್ಬರಂತೆ ಓಡಿಸಿದರು. ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲ ಇದ್ದ ಆ ಗಂಡಸರು ಚಪ್ಪಲಿ ಬಡಿಯುತ್ತ ಮೆಟ್ಟಿಲು ಹತ್ತಿದರು. ನಾನು ಅಮ್ಮನ ಸೆರಗು ಹಿಡಿದುಕೊಂಡೇ ಓಡಿದೆ.

ಮೇಲಿನ ಅಂತಸ್ತಿನ ಪಾಯಖಾನೆಯೊಂದರಲ್ಲಿ ಬಾಗಿಲ ಕೆಳಗಿನ ಸಂದಿಯಿಂದ ಒಂದು ಬೂಟು ಕಂಡಿತು. ಹಡಗಿನವರು ಬಂದು ಹೊರಗಿನಿಂದ ಬಾಗಿಲು ತೆಗೆದರು. ನಮ್ಮನೆಯವರು ಗೋಡೆಗೂ ಕೊಮೋಡಿಗೂ ನಡುವೆ ಮುದುರಿ ಬಿದ್ದಿದ್ದರು. ತುಟಿಯ ಮೇಲೆ ರಕ್ತ, ಹಣೆಯ ಮೇಲೆ ಗಾಯ. ನಾವು ನೋಡುತ್ತಿರುವಾಗಲೇ ಇನ್ನೊಮ್ಮೆ ಫಿಟ್ಸ್ ಬಂತು. ಮೈ ಸೆಟೆದು, ಕಣ್ಣು ಮೇಲೆ ಹೋಗಿ, ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು. ಅಮ್ಮ ಸೊಂಟದ ಕೀಲಿಗೊಂಚಲು ಕಿತ್ತು ಅವರ ಮುಷ್ಟಿಯೊಳಗೆ ಒತ್ತಿದರು. ಓಡಿ ಬಂದ ನರ್ಸಮ್ಮ ಅದನ್ನು ಕಿತ್ತು ಬಿಸಾಕಿ, ಅವರನ್ನು ಮಗ್ಗುಲಿಗೆ ತಿರುಗಿಸಿದಳು. ನಾನು ಏನೂ ಮಾಡಲಿಲ್ಲ. ಬಾಗಿಲಿಗೆ ಆತು ನಿಂತಿದ್ದೆ. ಖರೇ ಹೇಳುತ್ತೇನೆ, ಓಡಿಹೋಗಬೇಕು ಎನಿಸಿತ್ತು, ಹಡಗಿನಲ್ಲಿ ಓಡಿಹೋಗಲು ಜಾಗ ಇರಲಿಲ್ಲ.

ಹಡಗಿನ ಆಸ್ಪತ್ರೆಯಲ್ಲಿ ಅವರು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅಮ್ಮನ ಮುಖ. ಆಮೇಲೆ ನಾನು. ಕೂಡಲೇ ಕಣ್ಣು ಮುಚ್ಚಿಕೊಂಡರು. ಡಾಕ್ಟರು ಗುಳಿಗೆ ಯಾಕೆ ನಿಲ್ಲಿಸಿದ್ದು ಎಂದು ಗದರಿದರು. ಸರಿಯಾಗಿ ತೆಗೆದುಕೊಂಡರೆ ಎಲ್ಲರ ಹಾಗೆ ಬಾಳಬಹುದು ಎಂದೂ ಹೇಳಿದರು. ಗುಳಿಗೆ ಚೀಲದಲ್ಲಿ ಸಾಕ್ಸಿನೊಳಗಿತ್ತು. ಅಷ್ಟು ಚಿಕ್ಕ ಖೋಲಿಯಲ್ಲಿ ನನ್ನ ಕಣ್ಣು ತಪ್ಪಿಸಿ ತೆಗೆದುಕೊಳ್ಳಲು ಸಂದು ಸಿಕ್ಕಿರಲಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಕೇಳಿದೆ. "ಇವರ ಕಣ್ಣಿಗೆ ಬೀಳೋದು ಬ್ಯಾಡ ಅಂದದ್ದು ಇದಕ್ಕೇನು?"

"ಹೂಂ" ಎಂದರು. "ನಿಮ್ಮನ್ಯಾಗ ಯಾರಿಗೂ ಗೊತ್ತಿಲ್ಲ, ಬಾಯಿ ಬಿಟ್ರ ಲಗ್ನ ಮುರೀತೈತಿ ಅಂದಿದ್ದ ನಮ್ಮಪ್ಪ."

ಉಳಿದ ದಿನ ನಾನು ಅವರ ಉಸಿರು ಎಣಿಸುತ್ತ ಕೂತೆ. ಚಮಚ ಕೆಳಗೆ ಬಿದ್ದರೂ ಎದ್ದು ನಿಲ್ಲುತ್ತಿದ್ದೆ. ಅಮ್ಮ ತಮ್ಮ ಹಾಸಿಗೆ ಬಿಟ್ಟು ನಮ್ಮ ಖೋಲಿಯ ಕುರ್ಚಿಯಲ್ಲಿ ಕಾಲು ಮಡಚಿ ಕೂತಿರುತ್ತಿದ್ದರು. ಟೋಪಿಯವರೆಲ್ಲ ಸರದಿಯ ಮೇಲೆ ಬಂದು ಹೋದರು, ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಒಬ್ಬರು ಮಾತ್ರ, "ಲಗ್ನ ಆದಮ್ಯಾಲ ಕಡಿಮಿ ಆಗ್ತಾವು ಬಿಡವಾ" ಎಂದಾಗ ನನಗೆ ನೆತ್ತಿಗೇರಿತು. "ಹಂಗಂದ್ರ ನಾ ಏನು ಗುಳಗಿ ಏನ್ರಿ?" ಎಂದೆ. ಪಾಪ, ಆ ಹಿರಿಯರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದರು.

ಮುಂಬೈಯಿಂದ ವಾಪಸು ಅಮ್ಮ ನಮ್ಮನ್ನು ತಮ್ಮ ಬಸ್ಸಿಗೇ ಹತ್ತಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಹಾವೇರಿ. ಚಹಾಕ್ಕೆ ಇಳಿದಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮುಂದ ಮೋಟೆಬೆನ್ನೂರು ಕ್ರಾಸಿಗೆ ಬಸ್ ನಿಲ್ಲಸಾಕ ಹೇಳೇನಿ. ಅಲ್ಲಿಂದ ನಿಮ್ಮ ಬ್ಯಾಡಗಿ ಆಟೋಕ್ಕ ಸಮೀಪ. ಇಳೀತೀನಿ ಅಂದ್ರ ನಾ ಜೋಡಿ ಬರ್ತೇನಿ. ಇಳೀಲಿಲ್ಲಂದ್ರ ಯಾರೂ ಏನೂ ಅನ್ನಂಗಿಲ್ಲ."

ಮೊದಲು ಬರುವುದು ತವರು, ಅದನ್ನು ದಾಟಿದರೆ ಗಂಡನ ಮನೆ. ಹಾವೇರಿಯಿಂದ ಕ್ರಾಸಿಗೆ ಹೆಚ್ಚು ಹೊತ್ತು ಬೇಡ. ಅಷ್ಟರಲ್ಲಿ ನಾನು ಒಂದು ಬದುಕು ತೀರ್ಮಾನ ಮಾಡಬೇಕಿತ್ತು. ಬಸ್ಸು ನಿಂತಿತು. ನಮ್ಮನೆಯವರು ಎದ್ದು ಮೇಲಿಂದ ನನ್ನ ಬ್ಯಾಗನ್ನು ಇಳಿಸಿ ನನ್ನ ಪಕ್ಕದಲ್ಲಿಟ್ಟು ಕೂತರು.

"ನಿಮ್ಮ ಬ್ಯಾಗೂ ತಗೊಳ್ರಿ" ಎಂದೆ.

"ನಾ ಯಾಕ?"

"ನಮ್ಮಪ್ಪಗ ನೀವ ಹೇಳ್ಬೇಕು. ನಿಮ್ಮ ಬಾಯಿಲೇನ."

"ಹೊಡದ್ರ?"

"ಹೊಡೀಲಿ."

ಇಬ್ಬರೂ ಇಳಿದೆವು. ಅಮ್ಮ ಜೊತೆಗೆ ಬರುವುದು ಬೇಡ ಎಂದೆ. ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಮೋಸ ಹೋದ ಅಪ್ಪ ಇದನ್ನು ಕೇಳಿ ತಡೆದುಕೊಂಡಾರೆಯೇ, ಎದೆ ಹಿಡಿದುಕೊಂಡು ಕೂತುಬಿಟ್ಟರೆ ಎಂದು ದಿಗಿಲು. ಮನೆ ಮುಂದೆ ಇಳಿದಾಗ ಅವ್ವ ಕುಂಕುಮದ ನೀರು ತರಲು ಒಳಗೆ ಓಡಿದಳು. ನಾನು ಗಂಡನನ್ನು ಹೊಸ್ತಿಲು ದಾಟಗೊಡಲಿಲ್ಲ. ನಮ್ಮನೆಯವರು ಅಂಗಳದಲ್ಲಿ ನಿಂತೇ ಅಪ್ಪನಿಗೆ ಎಲ್ಲ ಹೇಳಿದರು. ಒಂದು ಮಾತೂ ಮುಚ್ಚಲಿಲ್ಲ. ಹೇಳಿ ಮುಗಿಸಿ ಕೆನ್ನೆ ಒಡ್ಡುವವರ ಹಾಗೆ ತಲೆ ತಗ್ಗಿಸಿದರು.

ಅಪ್ಪ ಎದೆ ಹಿಡಿದುಕೊಳ್ಳಲಿಲ್ಲ. ಕೈ ಎತ್ತಲೂ ಇಲ್ಲ. ಅಳಿಯನನ್ನು ಬಿಟ್ಟು ನನ್ನ ಕಡೆ ನೋಡಿದರು, ಪೂರ್ತಿ ನೋಡಲೂ ಇಲ್ಲ.

"ನನಗ ಗೊತ್ತಿತ್ತವಾ. ಇವರಪ್ಪ ಮಾತಾಡಾಕ ಬಂದ ದಿನಾನ ಹೇಳಿದ್ದ. ಡಾಕ್ಟರ್‌ನೂ ಕೇಳಿದ್ದೆ, ದೊಡ್ಡ ಜಡ್ಡಲ್ಲ ಅಂದ್ರು. ಹುಡುಗ ಛಲೋ, ಮನಿ ಛಲೋ."

ಕುಂಕುಮದ ನೀರು ಹಿಡಿದು ಬಂದ ಅವ್ವನೂ ಬಾಗಿಲಲ್ಲೇ ನಿಂತಳು. ಅವಳಿಗೂ ಗೊತ್ತಿತ್ತು ಎಂದು ನಿಂತ ರೀತಿಯಲ್ಲೇ ತಿಳಿಯಿತು. ನಮ್ಮನೆಯವರು ಬಾಯಿ ತೆರೆದು ನಿಂತಿದ್ದರು. ಆ ಅಂಗಳದಲ್ಲಿ ನನ್ನಷ್ಟೇ ಮೋಸ ಹೋದವರು ಅವರೊಬ್ಬರೇ.

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀ ಒಪ್ತಿದ್ದೇನು?" ಎಂದರು ಅಪ್ಪ.

ಒಪ್ಪುತ್ತಿದ್ದೆನೋ ಇಲ್ಲವೋ, ಇವತ್ತಿಗೂ ತಿಳಿಯದು. ತಿಳಿಯುವ ಅವಕಾಶವನ್ನು ಅವರು ಉಳಿಸಿರಲಿಲ್ಲ. ಮಾರನೆಯ ದಿನ ನಾವಿಬ್ಬರೂ ರಾಣೆಬೆನ್ನೂರಿಗೆ ಹೋದೆವು, ಈಗಲೂ ಅಲ್ಲೇ ಇದ್ದೇವೆ. ನಮ್ಮನೆಯ ಬಚ್ಚಲಿಗೆ ಒಳಚಿಲಕವಿಲ್ಲ. ಅವರು ಒಳ್ಳೆಯವರು, ನನ್ನ ಮುಂದೆ ಏನನ್ನೂ ಮುಚ್ಚಿಡುವುದಿಲ್ಲ. ಒಳಗೆಲ್ಲೋ ಪಾತ್ರೆ ಬಿದ್ದರೆ ನಾನು ಈಗಲೂ ಓಡುತ್ತೇನೆ, ಅದು ರೂಢಿಯಾಗಿ ಹೋಗಿದೆ. ರೂಢಿಯಾಗದ ಹೆದರಿಕೆ ಬೇರೆ ಒಂದಿದೆ. ಬ್ಯಾಡಗಿಯಿಂದ ಅಪ್ಪ ಫೋನು ಮಾಡಿ, "ಎಲ್ಲಾ ಆರಾಮ ಐತಿ ನೋಡವಾ" ಎಂದಾಗಲೆಲ್ಲ, ಈ ಸಲ ಏನನ್ನು ಮುಚ್ಚಿಟ್ಟಿದ್ದಾರೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತದೆ.