ಎದುರುಮನೆ ಅಜ್ಜಿಯ ಅಂಗಳಕ್ಕೆ ಬಂದ ಡ್ರೋನು

ಕಡಬದ ನಮ್ಮ ಎದುರುಮನೆ ಅಜ್ಜಿ ಮನೆಗೆ ಬಂದ ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ. ‘ಇದೊಂದ್ ಇಟ್ಕೊಳಪ್ಪ’ ಎಂದು ಪೋಸ್ಟ್‌ಮ್ಯಾನ್‌ಗೂ ತೆಂಗಿನಕಾಯಿ ಕೊಡುತ್ತಿದ್ದರು. ಪ್ರಯೋಗಕ್ಕೆಂದು ಗುಬ್ಬಿ ಆಸ್ಪತ್ರೆಯಿಂದ ಡ್ರೋನು ಅವರ ಬಿಪಿ ಮಾತ್ರೆ ಹೊತ್ತು ತಂದು ಅಂಗಳದಲ್ಲಿ ಇಳಿದಾಗಲೂ ಅಷ್ಟೇ. ಮಾತ್ರೆ ಬಿಚ್ಚಿಕೊಂಡು ಅದೇ ಕೊಕ್ಕೆಗೆ ಕಾಯಿ ಕಟ್ಟಿದರು. ಡ್ರೋನು ಎಷ್ಟು ಗುಂಯ್‌ಗುಟ್ಟಿದರೂ ಮೇಲೇಳಲಿಲ್ಲ. ಗುಬ್ಬಿಯಲ್ಲಿ ಕೂತು ಅದನ್ನು ಹಾರಿಸುತ್ತಿದ್ದ ಹುಡುಗಿ ನನ್ನ ಫೋನಿಗೆ ಕರೆ ಮಾಡಿ ಗೋಗರೆದಳು: ‘ಅಜ್ಜಿ, ಕಾಯಿ ಬಿಚ್ಚಿ. ಇದು ವಾಪಸ್ ಬರ್ದಿದ್ರೆ ನನ್ ಕೆಲ್ಸ ಹೋಗುತ್ತೆ!’

‘ಅಷ್ಟ್ ದೂರದಿಂದ ಬಂದೈತೆ, ಹಂಗೇ ಹೆಂಗ್ ಕಳಿಸ್ಲವ್ವಾ?’

ಕೊನೆಗೆ ಕಾಯಿ ಬಿಚ್ಚಿ, ಮುಡಿಯಲ್ಲಿದ್ದ ಸೇವಂತಿಗೆ ಹೂವನ್ನು ಕೊಕ್ಕೆಗೆ ಸಿಕ್ಕಿಸಿದರು. ಡ್ರೋನು ಮೇಲೆದ್ದಿತು. ಅದು ಕೆರೆ ದಾಟುವವರೆಗೂ ಹಳದಿ ಹೂವು ನನಗೆ ಕಾಣುತ್ತಿತ್ತು. ಅಷ್ಟು ದೂರಕ್ಕೆ ಹೂವು ಕಾಣುವುದು ಸಾಧ್ಯವೇ ಇಲ್ಲ, ಆದರೂ ಕಂಡಂತೆಯೇ ನೆನಪಿದೆ.