ಸುಕ್ಕು ಬಲ್ಲ ಕಣ್ಣು

ಕನ್ನಡಕದಂಗಡಿಯವನು ನಿನ್ನೆ ನನ್ನ ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದ. ನನಗೆ ನಗು ಬಂತು. ಬ್ಯಾಡಗಿಯ ಕಾಕಾ ನೆನಪಾಗಿದ್ದರು.

ನಾನಾಗ ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತ ಅವರ ಮನೆಯಲ್ಲೇ ಇದ್ದೆ. ಕಾಕಾ ಮೆಣಸಿನಕಾಯಿ ವ್ಯಾಪಾರಿ. ಬ್ಯಾಡಗಿ ಕಾಯಿಗೆ ಮೈತುಂಬ ಸುಕ್ಕು, ಗುಂಟೂರಿನದು ನುಣುಪು ನೋಡಿ. ಎರಡನ್ನೂ ಬೆರೆಸಿ ತಂದವರನ್ನು ಕಾಕಾ ನಿಂತಲ್ಲೇ ಹಿಡಿಯುತ್ತಿದ್ದರು. ಆ ಕಣ್ಣಿನ ಮೇಲೆ ಅವರಿಗೆಷ್ಟು ಜಂಬವೆಂದರೆ, ಮನೆಯಲ್ಲಿ ಏನನ್ನೂ ನೋಡಿ ಅದನ್ನು ಸವೆಸುತ್ತಿರಲಿಲ್ಲ.

ಊರಿಗೆ ಮೊಬೈಲ್ ಬಂದ ಹೊಸತರಲ್ಲಿ ಅವರ ಬಲಗಣ್ಣಿನೊಳಗೆ ಕಪ್ಪು ಪರದೆ ಏರಿತು. ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ರೆಟಿನಾ ಕಳಚಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಮಾಡಿ ಅಂಟಿಸಿದರು. ಅದು ಕೂರಲೆಂದು ಕಾಕಾ ದಿನಗಟ್ಟಲೆ ಬೋರಲು ಮಲಗಬೇಕಾಯಿತು. ಯಾರಿಗೂ ತಲೆಬಾಗದ ಮನುಷ್ಯ, ನೋಡಲು ಬಂದ ರಾಣೆಬೆನ್ನೂರಿನ ಬೀಗರನ್ನು ಕಾಲು ನೋಡಿ ಮಾತಾಡಿಸಿದರು.

ಮೆಲ್ಲಗೆ ನೋಟ ಬಂತು. ಆದರೆ ನೆಟ್ಟಗಿದ್ದದ್ದೆಲ್ಲ ಸೊಟ್ಟ, ನುಣುಪಾದದ್ದೆಲ್ಲ ಸುಕ್ಕು. ಅಂಗಡಿಯಲ್ಲಿ ಗುಂಟೂರು ಕಾಯಿ ಹಿಡಿದು, "ಅಗದೀ ಅಸಲಿ ಬ್ಯಾಡಗಿ ಐತಿ" ಎಂದರು. ಆಳು ಅದನ್ನು ಮೆಲ್ಲಗೆ ಇಸಿದುಕೊಂಡು ಗುಂಟೂರಿನ ಚೀಲಕ್ಕೆ ಹಾಕಿದ. ಅಂದು ಕಾಕಾ ಊಟ ಮಾಡಲಿಲ್ಲ.

"ಇನ್ನ ನಾ ಅಂಗಡ್ಯಾಗ ಕುಂತು ಏನ್ ಮಾಡ್ಲಿ?"

"ಕಣ್ಣು ಹೊಂದಾಕ ಟೈಮ್ ಬೇಕಂತ ಡಾಕ್ಟರು ಹೇಳ್ಯಾರಲ್ರಿ," ಎಂದಳು ಕಾಕಿ.

ಮರುದಿನದಿಂದ ಮನೆಯಲ್ಲೇ ಪರೀಕ್ಷೆ ಶುರುವಾಯಿತು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಮೊದಲು ಕಿಟಕಿಯ ಸರಳು ನೋಡುವರು, ಆಮೇಲೆ ಒಂದು ಗುಂಟೂರು ಕಾಯಿ, ಕೊನೆಗೆ ಚಹಾ ತಂದ ಕಾಕಿಯ ಮುಖ. ತಿಂಗಳುಗಳು ಕಳೆದಂತೆ ಸರಳು ನೆಟ್ಟಗಾದವು. ಕಾಯಿಯೂ ನುಣುಪಾಯಿತು. ಆದರೂ ಕಾಕಾ ಅಂಗಡಿಗೆ ಹೋಗಲೊಲ್ಲರು.

"ಕಣ್ಣು ಇನ್ನೂ ಪೂರಾ ಸರಿ ಆಗಿಲ್ಲ," ಎಂದರು ಒಂದು ಬೆಳಿಗ್ಗೆ. "ನಿನ್ನ ಮಾರಿ ಇನ್ನೂ ಸುಕ್ಕ ಸುಕ್ಕ ಕಾಣ್ತೈತಿ."

ಕಾಕಿ ಚಹಾದ ಬಸಿ ಕೆಳಗಿಟ್ಟಳು. "ಕಣ್ಣು ಸರಿ ಆಗೇತ್ರಿ. ನಾಳಿಂದ ಅಂಗಡಿಗೆ ಹೋಗ್ರಿ."

ಕಾಕಾ ಕಣ್ಣಿಂದ ಕೈ ತೆಗೆದು ಬಹಳ ಹೊತ್ತು ಅವಳನ್ನೇ ನೋಡಿದರು. "ಯಾವಾಗ ಆತು ಇದು?" ಎಂದು ಮೆತ್ತಗೆ ಕೇಳಿದರು.

"ನೀವು ಅಂಗಡ್ಯಾಗ ಇದ್ದಾಗ್ರಿ."

ಒಳಗಿದ್ದ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ. ಈಗ ನನಗೆ ಕಾಕಿಯ ಅಂದಿನ ವಯಸ್ಸು. ಆ ಬೆಳಿಗ್ಗೆ ಅವಳು ನಗಲಿಲ್ಲವೆಂಬುದು ಇವತ್ತು ಹೊಳೆಯುತ್ತಿದೆ.