ಬೆಳ್ಳಗಾದ ತಾಳಿ

ಪರ್ಕಳದಾಚೆಯ ಗುಡ್ಡದ ಮೇಲೆ ಕಾಲೇಜಿನವರು ಕಟ್ಟಿಸಿದ ದೂರದರ್ಶಕಕ್ಕೆ ಗಾಜಿನ ಕನ್ನಡಿಯಿಲ್ಲ. ಅಗಲವಾದ ತಟ್ಟೆಯಲ್ಲಿ ಪಾದರಸ ಹುಯ್ದು ಮೆಲ್ಲಗೆ ತಿರುಗಿಸಿದರೆ ಅದೇ ತೆಳ್ಳಗೆ ಹರಡಿ, ನಡುವೆ ತಗ್ಗಾಗಿ, ಕನ್ನಡಿಯಾಗುತ್ತದೆ. ಮೊದಲ ವೀಕ್ಷಣೆಗೆ ಇನ್ನು ಎರಡೇ ದಿನವಿತ್ತು.

ಪಾದರಸದ ಮೇಲೆ ಹಾಲಿನ ಕೆನೆಯ ಹಾಗೆ ಕೊಳೆಯ ಪೊರೆ ಕಟ್ಟುತ್ತದೆ. ಅದನ್ನು ತೆಗೆಯುವ ಕೆಲಸ ನಾಗವೇಣಿಯದು. ನೆಲ ಒರೆಸಲು ಬಂದವಳು ಆಕೆ. ಇಂಜಿನಿಯರ್ ಯೋಗೀಶನ ಕೈ ನಡುಗಿ ಪೊರೆ ಚೂರಾಗುವುದನ್ನು ಎರಡು ದಿನ ನೋಡಿ, "ಕೊಡ್ರಿ ಸರ, ಬಾದಾಮಿ ಕಡೆ ನಮ್ಮನ್ಯಾಗ ನಾಕು ಎಮ್ಮಿ ಇದ್ದುವು" ಎಂದು ಪ್ಲಾಸ್ಟಿಕ್ ಪಟ್ಟಿ ಇಸಿದುಕೊಂಡು ಒಂದೇ ಎಳೆತಕ್ಕೆ ಎತ್ತಿದ್ದಳು.

ಒಳಗೆ ಚಿನ್ನ ಮಾತ್ರ ಕೂಡದು. ಪಾದರಸ ತಾಗಿದರೆ ಚಿನ್ನ ಕೆಡುತ್ತದೆ, ಚಿನ್ನ ಸೇರಿದರೆ ಪಾದರಸ ಕೆಡುತ್ತದೆ. ಉಸ್ತುವಾರಿಯ ಡುಲ್ಸಿನ್ ಮೇಡಂ ತಮ್ಮ ಉಂಗುರ ತೆಗೆದಿಟ್ಟು ದಿನವೂ ಕೇಳುತ್ತಿದ್ದರು.

"ನಾಗವೇಣಿ, ಮೈಮೇಲೆ ಚಿನ್ನ ಉಂಟಾ?"

"ನಮ್ಮಂಥಾರಿಗೆ ಎಲ್ಲಿ ಚಿನ್ನರೀ ಮೇಡಂ."

ತೆಳು ಚಿನ್ನದ ತಗಡಿನ ಎರಡು ತಾಳಿಬೊಟ್ಟು ರವಿಕೆಯೊಳಗೆ ಪಿನ್ನಿಗೆ ಸಿಕ್ಕಿಕೊಂಡಿರುತ್ತಿದ್ದವು. ಗಂಡ ಮಲಕಪ್ಪ ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡು ಪರ್ಕಳದ ಬಾಡಿಗೆ ಕೋಣೆಯಲ್ಲಿ ಏಳು ತಿಂಗಳಿಂದ ಮಲಗಿದ್ದ. ಅವನು ಹಾಗಿರುವಾಗ ತಾಳಿ ತೆಗೆದರೆ ತಾನೇ ಅವನನ್ನು ಕಳಿಸಿಕೊಟ್ಟ ಹಾಗೆ ಎಂದು ಅವಳು ನಂಬಿದ್ದಳು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ದೇವರ ಮೇಲೆ ಭಾರ ಹಾಕಿ ಗಂಡನ ಜೀವ, ಕೆಲಸ ಎರಡನ್ನೂ ಆ ಪಿನ್ನಿಗೆ ಒಪ್ಪಿಸಿದ್ದಳು.

ಆ ಮಧ್ಯಾಹ್ನ ಕೊನೆಯ ಪೊರೆ ಎತ್ತಲು ಬಾಗಿದಾಗ, ಬೆವರಿಗೆ ತುಕ್ಕು ಹಿಡಿದಿದ್ದ ಪಿನ್ನು ಬಿಟ್ಟಿತು. ತಾಳಿ, ಸೀರೆಯ ಮೇಲೆ ತೊಟ್ಟಿದ್ದ ಕೆಲಸದ ಕೋಟಿನ ಕೊರಳಿನಿಂದ ಜಾರಿ ಪಾದರಸದೊಳಗೆ ಇಳಿಯಿತು. ಎಳೆದುಕೊಳ್ಳುವಷ್ಟರಲ್ಲಿ ಬೊಟ್ಟು ಬೆಳ್ಳಗಾಗಿದ್ದವು. ತಿಕ್ಕಿದಳು. ಹೋಗಲಿಲ್ಲ.

"ಅಯ್ಯೋ ಮಾರಾಯ್ತಿ, ಬೆಳ್ಳಿಯದ್ದಾಯಿತಲ್ಲ!" ಯೋಗೀಶ ನಕ್ಕ.

ಡುಲ್ಸಿನ್ ನಗಲಿಲ್ಲ. "ದಿನಾ ನನ್ನ ಮುಖ ನೋಡಿ ಸುಳ್ಳು ಹೇಳಿದ್ದಾ ನೀನು? ಪಾದರಸ ಪೂರಾ ಸೋಸಬೇಕು ಈಗ. ನಾಳೆಯಿಂದ ಬರುವುದು ಬೇಡ."

"ಅವರು ಮಲಗ್ಯಾರ್ರೀ ಮೇಡಂ. ತಾಳಿ ಹ್ಯಾಂಗ ತಗೀಲಿ?"

"ನಿನ್ನ ಗಂಡನಿಗೂ ನನ್ನ ಕನ್ನಡಿಗೂ ಎಂತ ಸಂಬಂಧ?"

ಪಾದರಸ ಕುಡಿದ ಚಿನ್ನ ಹಪ್ಪಳದ ಹಾಗೆ ಮುರಿಯುತ್ತದೆಂದು ಡುಲ್ಸಿನ್, ಯೋಗೀಶ ಇಬ್ಬರಿಗೂ ಗೊತ್ತಿತ್ತು. ಅದನ್ನು ಅವಳಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕೋಣೆಗೆ ಬಂದಾಗ ಮಲಕಪ್ಪನ ಕಣ್ಣು ಮೊದಲು ಹೋದದ್ದು ಅವಳ ಕೊರಳಿಗೆ.

"ಬಂಗಾರದ್ದು ಎಲ್ಲಿ?"

"ಇದ ಅದರೀ. ಪಾದರಸ ಹತ್ತೇತಿ."

"ಸೊಂಟ ಮುರದೈತಿ, ತಲಿ ಕೆಟ್ಟಿಲ್ಲ. ಮಾರಿಕೊಂಡು ಬೆಳ್ಳೀದು ಹಾಕ್ಕೊಂಡು ಬಂದೀಯಲ್ಲ, ನಾ ಸಾಯೂತನಾನೂ ತಡೀಲಿಲ್ಲೇನ? ಬಾ ಇಲ್ಲಿ."

ಕಣ್ಣಾರೆ ನೋಡಿದರೆ ನಂಬಿಯಾನೆಂದು ಅವಳು ಹಾಸಿಗೆಯ ಪಕ್ಕ ಮಂಡಿಯೂರಿ ಕೊರಳು ಮುಂದೆ ಮಾಡಿದಳು. ಅವನು ಹಿಡಿದು ಹಿಂಡಿದ. ಎರಡೂ ಬೊಟ್ಟು ಅವನ ಬೆರಳುಗಳ ನಡುವೆ ಪುಡಿಯಾದವು.

"ನೋಡು, ಖೋಟಾ!" ಎಂದು ಅಂಗೈ ಚಾಚಿದ. ಗೆದ್ದವನ ಮುಖವಾಗಿತ್ತು ಅವನದು. ಏಳು ತಿಂಗಳಲ್ಲಿ ಅವಳು ಕಾಣದಿದ್ದ ಕಳೆ.

ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಬರಿಯ ಕರಿಮಣಿಯ ಕೊರಳನ್ನು ಬಗ್ಗಿಸಿ, ಅವನ ಸೊಂಟದಡಿ ಕೈ ಹಾಕಿದಳು.